ಟೆಲಿಸ್ಕೋಪಿಗೊಂದು ವೈರಿಲ್ಲದ ಬೆಳಕಿನ ಹಲಗೆ: ಫ್ಲ್ಯಾಟ್ ಪ್ಯಾನೆಲ್ ಮನೆಯಲ್ಲೇ ಮಾಡಿಕೊಳ್ಳಿ

ರಾತ್ರಿಯಿಡೀ ಓರಾಯನ್ ನೆಬ್ಯುಲಾದ ಫ್ರೇಮುಗಳನ್ನು ಹಿಡಿದು, ಸ್ಟ್ಯಾಕ್ ಮಾಡಿ (ಎಲ್ಲವನ್ನೂ ಒಂದರ ಮೇಲೊಂದು ಸೇರಿಸಿ), ಸ್ವಲ್ಪ ಸ್ಟ್ರೆಚ್ ಮಾಡಿದ (ಮಸುಕು ಭಾಗ ಕಾಣುವಂತೆ ಬೆಳಗಿಸಿದ) ಕೂಡಲೇ ಬಣ್ಣ ಬಯಲಾಗುತ್ತದೆ. ನಾಲ್ಕೂ ಮೂಲೆ ಕಪ್ಪು. ನಡುವೆ ಅಲ್ಲಲ್ಲಿ ಕೋಡುಬಳೆಯಂಥ ಮಸುಕು ಉಂಗುರಗಳು. ಮೂಲೆಯ ಕಪ್ಪಿಗೆ ಕಾರಣ ವಿನ್ಯೆಟಿಂಗ್: ಟೆಲಿಸ್ಕೋಪಿನೊಳಗಿನ ಬೆಳಕು ಸೆನ್ಸರಿನ ಅಂಚಿಗೆ ಪೂರ್ತಿ ತಲುಪಿಲ್ಲ. ಉಂಗುರಗಳು ಫಿಲ್ಟರಿನ ಮೇಲೋ ಕ್ಯಾಮೆರಾದ ಗಾಜಿನ ಮೇಲೋ ಕೂತ ಧೂಳಿನ ನೆರಳು. ಇವನ್ನು ಕಂಪ್ಯೂಟರಿನಲ್ಲಿ ಕೈಯಿಂದ ಉಜ್ಜಿ ತೆಗೆಯಲು ಹೋದರೆ ನೆಬ್ಯುಲಾದ ತೆಳು ಭಾಗವೂ ಜೊತೆಗೇ ಹೋಗುತ್ತದೆ.

ಇದಕ್ಕೆ ಮದ್ದು ಫ್ಲ್ಯಾಟ್ ಫ್ರೇಮ್. ಸಮವಾಗಿ ಬೆಳಗಿದ ಖಾಲಿ ಮೇಲ್ಮೈಯೊಂದನ್ನು ಅದೇ ಟೆಲಿಸ್ಕೋಪು, ಅದೇ ಕ್ಯಾಮೆರಾ, ಅದೇ ಫೋಕಸ್ಸಿನಲ್ಲಿ ಫೋಟೋ ತೆಗೆಯುವುದು. ಆ ಫೋಟೋದಲ್ಲಿ ಇರುವುದು ದೋಷಗಳು ಮಾತ್ರ. ಸಾಫ್ಟ್‌ವೇರ್ ನಿಮ್ಮ ಚಿತ್ರವನ್ನು ಅದರಿಂದ ಭಾಗಿಸುತ್ತದೆ. ಮೂಲೆಗೆ ಶೇ 70ರಷ್ಟೇ ಬೆಳಕು ಬಿದ್ದಿದ್ದರೆ, 0.7ರಿಂದ ಭಾಗಿಸಿದಾಗ ಅದು ಸರಿಹೋಗುತ್ತದೆ. ಅಷ್ಟೇ ಲೆಕ್ಕ.

ಸಮವಾದ ಮೇಲ್ಮೈ ಎಲ್ಲಿ ಸಿಗುತ್ತದೆ? ಮುಂಜಾನೆಯ ಆಕಾಶ ಪುಕ್ಕಟೆ. ಟೆಲಿಸ್ಕೋಪಿನ ಬಾಯಿಗೆ ಬಿಳಿ ಟಿ-ಶರ್ಟ್ ಕಟ್ಟಿ ತೆಗೆಯುವವರು ಇಂದಿಗೂ ಇದ್ದಾರೆ. ಆದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಏರುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ಯೂರೋಪಿನವರಿಗೆ ಸಿಗುವಷ್ಟು ಉದ್ದದ ಮುಸ್ಸಂಜೆ ನಮಗಿಲ್ಲ. ಬಣ್ಣಕ್ಕೊಂದು ಫಿಲ್ಟರ್ ಹಾಕುವವರಿಗೆ ಪ್ರತಿ ಫಿಲ್ಟರಿಗೂ ಬೇರೆ ಫ್ಲ್ಯಾಟ್ ಬೇಕು. ಒಂದು ಫಿಲ್ಟರಿಗೆ ಫ್ಲ್ಯಾಟ್ ತೆಗೆಯುವಷ್ಟರಲ್ಲಿ ಬೆಳಕು ದುಪ್ಪಟ್ಟಾಗಿರುತ್ತದೆ. ಏಳು ಫಿಲ್ಟರ್ ಇಟ್ಟುಕೊಂಡವರ ಪಾಡು ಕೇಳುವುದೇ ಬೇಡ. ಹಾಗಾಗಿ ಪ್ಯಾನೆಲ್.

ವೈರಿಲ್ಲದ್ದೇ ಏಕೆ ಅಂದರೆ, ಆಕಾಶಕ್ಕೆ ಮುಖ ಮಾಡಿದ ಟೆಲಿಸ್ಕೋಪಿನ ಬಾಯಿಯ ಮೇಲೆ ಪ್ಯಾನೆಲ್ ಸುಮ್ನೆ ಕೂತಿರುತ್ತದೆ. ಅದಕ್ಕೊಂದು ಯುಎಸ್‌ಬಿ ವೈರ್ ನೇತುಬಿದ್ದರೆ ಒಂದು ಕಡೆಗೆ ಎಳೆಯುತ್ತದೆ. ಜೊತೆಗೆ ಬೆಳಕು ಹೆಚ್ಚುಕಡಿಮೆ ಮಾಡಲು ಪ್ರತಿ ಸಲ ಕೈಯಿಟ್ಟರೆ ಪ್ಯಾನೆಲ್ ಅಲುಗುತ್ತದೆ. ಲ್ಯಾಪ್‌ಟಾಪಿನಿಂದಲೇ, ಮನೆಯೊಳಗೇ ಕೂತು, ಫಿಲ್ಟರಿಗೊಂದು ಬೆಳಕು ಹೊಂದಿಸುವ ಸುಖ ಬೇರೆ. ಡಿಸೆಂಬರಿನ ಚಳಿಯಲ್ಲಿ ಬೆಳಗಿನ ಐದಕ್ಕೆ ತಾರಸಿ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ

ಪ್ಯಾನೆಲ್ ಮಾಡಲು ಹೊರಟವರು ಎಲ್ಲರೂ ತಲೆಕೆಡಿಸಿಕೊಳ್ಳುವುದು ಬೆಳಕು ಮೂಲೆಯಿಂದ ಮೂಲೆಗೆ ಸಮವಾಗಿದೆಯಾ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಬೆಳಕು ಎಷ್ಟು ಸ್ಥಿರವಾಗಿದೆ, ಎಷ್ಟು ಕೆಳಗಿನವರೆಗೆ ನಯವಾಗಿ ತಗ್ಗಿಸಬಹುದು ಅನ್ನುವುದೇ ಮೊದಲ ಪ್ರಶ್ನೆ.

ಕಾರಣ ಹೀಗಿದೆ. ಟೆಲಿಸ್ಕೋಪು ಫೋಕಸ್ ಆಗಿರುವುದು ಅನಂತ ದೂರಕ್ಕೆ. ಅದರ ಬಾಯಿಗೆ ಅಂಟಿದ ಪ್ಯಾನೆಲ್ ಅದಕ್ಕೆ ಚಿತ್ರವಾಗಿ ಕಾಣುವುದೇ ಇಲ್ಲ. ಸೆನ್ಸರಿನ ಒಂದೊಂದು ಪಿಕ್ಸೆಲ್ ಪ್ಯಾನೆಲ್ಲಿನ ಒಂದು ಜಾಗವನ್ನಲ್ಲ, ಒಂದು ದಿಕ್ಕನ್ನು ನೋಡುತ್ತಿರುತ್ತದೆ. ಆ ದಿಕ್ಕಿನಲ್ಲಿ ಪ್ಯಾನೆಲ್ಲಿನ ಎಲ್ಲ ಭಾಗದಿಂದ ಹೊರಟ ಬೆಳಕೂ ಆ ಪಿಕ್ಸೆಲ್ಲಿಗೇ ಬಂದು ಸೇರುತ್ತದೆ. ಅಂದರೆ ಪ್ಯಾನೆಲ್ಲಿನ ಎಡಕ್ಕೆ ಬೆಳಕು ಜಾಸ್ತಿ, ಬಲಕ್ಕೆ ಕಡಿಮೆ ಇದ್ದರೂ ಎಲ್ಲ ಪಿಕ್ಸೆಲ್ಲುಗಳಿಗೂ ಅದರ ಸರಾಸರಿಯೇ ಸಿಗುತ್ತದೆ.

ಪೂರ್ತಿ ಅಲ್ಲ, ಹೆಚ್ಚುಕಮ್ಮಿ. ಪ್ಯಾನೆಲ್ ಲೆನ್ಸಿಗೆ ಅಂಟಿರುವುದಿಲ್ಲ, ಡ್ಯೂ ಶೀಲ್ಡಿನ (ಲೆನ್ಸಿನ ಮುಂದೆ ಇಬ್ಬನಿ ತಡೆಯುವ ಕೊಳವೆಯ) ತುದಿಯಲ್ಲಿರುತ್ತದೆ. ಒಂದು ಲೆಕ್ಕ ನೋಡಿ. 80 ಮಿ.ಮೀ. ರಿಫ್ರ್ಯಾಕ್ಟರ್ (ಲೆನ್ಸಿನ ಟೆಲಿಸ್ಕೋಪು), ಫೋಕಲ್ ಲೆಂತ್ 480 ಮಿ.ಮೀ., ಎಪಿಎಸ್-ಸಿ ಸೆನ್ಸರ್ (ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಅಳತೆ). ಚಿತ್ರದ ಮೂಲೆ ನಡುವಿನಿಂದ ಸುಮಾರು 1.7 ಡಿಗ್ರಿ ಆಚೆ ನೋಡುತ್ತದೆ. ಡ್ಯೂ ಶೀಲ್ಡ್ 150 ಮಿ.ಮೀ. ಇದ್ದರೆ, ಮೂಲೆಯ ಪಿಕ್ಸೆಲ್ ನೋಡುವ ಬೆಳಕಿನ ವೃತ್ತ ನಡುವಿನ ಪಿಕ್ಸೆಲ್ಲಿನದಕ್ಕಿಂತ 4.4 ಮಿ.ಮೀ. ಮಾತ್ರ ಸರಿದಿರುತ್ತದೆ. ಪ್ಯಾನೆಲ್ಲಿನಲ್ಲಿ 200 ಮಿ.ಮೀ.ಗೆ ಶೇ 10ರಷ್ಟು ಏರುಪೇರಿದ್ದರೂ ಫ್ಲ್ಯಾಟಿನಲ್ಲಿ ಕಾಣುವುದು ಸುಮಾರು ಶೇ 0.2. ಕಣ್ಣಿಗೆ ಎದ್ದು ಕಾಣುವ ಶೇ 10ರ ವ್ಯತ್ಯಾಸ ಕ್ಯಾಮೆರಾಕ್ಕೆ ತಲುಪುವಾಗ ಇಷ್ಟಾಗಿರುತ್ತದೆ.

ಆದ್ದರಿಂದ ಹಣ, ಶ್ರಮ ಎರಡನ್ನೂ ಬೆಳಕು ತಗ್ಗಿಸುವ ಕಡೆಗೆ ಹಾಕಿ. ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಬಿಡುವ ಲ್ಯೂಮಿನೆನ್ಸ್ ಫಿಲ್ಟರ್ ಸುಮಾರು 300 ನ್ಯಾನೋಮೀಟರ್ ಅಗಲದ ಬೆಳಕನ್ನು ಬಿಡುತ್ತದೆ. ಹೈಡ್ರೋಜನ್ ಸೂಸುವ ಕೆಂಪು ಬೆಳಕನ್ನಷ್ಟೇ ಬಿಡುವ 3 ನ್ಯಾನೋಮೀಟರಿನ ಹೈಡ್ರೋಜನ್-ಆಲ್ಫಾ ಫಿಲ್ಟರ್ ಅದರ ನೂರನೇ ಒಂದು ಪಾಲು. ಎರಡಕ್ಕೂ ಒಂದೇ ಪ್ಯಾನೆಲ್ ಹೊಂದಬೇಕು.

ಏನೇನು ಬೇಕು

ಬೆಳಕಿನ ಮೂಲಕ್ಕೆ ಎಲ್‌ಇಡಿ ಟ್ರೇಸಿಂಗ್ ಪ್ಯಾಡ್ ತಗೊಳ್ಳಿ. ಮಕ್ಕಳು ಚಿತ್ರ ತಿದ್ದಲು ಬಳಸುವ, ಯುಎಸ್‌ಬಿಯಿಂದ ನಡೆಯುವ ತೆಳು ಹಲಗೆ. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ಎಲ್‌ಇಡಿ ಪಟ್ಟಿ ಕತ್ತರಿಸಿ, ಸಾಲು ಸಾಲಾಗಿ ಅಂಟಿಸಿ, ಮುಂದೆ ಹಾಲುಬಿಳಿ ಅಕ್ರಿಲಿಕ್ ಕೂರಿಸುವ ದಾರಿಯೂ ಇದೆ. ಆದರೆ ಎಲ್‌ಇಡಿ ಚುಕ್ಕಿಗಳು ಕಾಣದಂತೆ ಮಾಡಲು ಅದು ದಪ್ಪ ಪೆಟ್ಟಿಗೆಯಾಗುತ್ತದೆ, ತೂಕವೂ ಬರುತ್ತದೆ. ಟ್ರೇಸಿಂಗ್ ಪ್ಯಾಡಿನಲ್ಲಿ ಎಲ್‌ಇಡಿಗಳು ಒಂದು ಅಂಚಿನಲ್ಲಿರುತ್ತವೆ. ಒಳಗಿನ ಪಾರದರ್ಶಕ ಹಾಳೆ ಆ ಬೆಳಕನ್ನು ಉದ್ದಕ್ಕೂ ಹರಡಿ ಮೇಲಕ್ಕೆ ಬಿಡುತ್ತದೆ. ಆ ಕೆಲಸವನ್ನು ಕಾರ್ಖಾನೆಯವರು ನಮಗಾಗಿ ಆಗಲೇ ಮಾಡಿಟ್ಟಿದ್ದಾರೆ.

ಅಳತೆ? ಬಾಯಿ 60–80 ಮಿ.ಮೀ. ಇದ್ದರೆ ಎ5 ಸಾಕು. 150 ಮಿ.ಮೀ.ವರೆಗೆ ಎ4. ಎಂಟಿಂಚಿನ ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪು) ಇದ್ದವರು ಎ3 ತಗೊಳ್ಳಿ. ಎ4ರ ಅಗಲ 210 ಮಿ.ಮೀ. ಅಂತ ಆಸೆಪಟ್ಟರೆ ಬೆಳಗುವ ಭಾಗ ಅದಕ್ಕಿಂತ ಕಡಿಮೆ ಇರುತ್ತದೆ.

ಉಳಿದದ್ದು ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಒಂದು ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಕರೆಂಟನ್ನು ಬಿಟ್ಟು ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್), 100 ಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್ ಒಂದೊಂದು, 10 ಓಮಿನ 2 ವ್ಯಾಟ್ ರೆಸಿಸ್ಟರ್ ಒಂದು, ಮತ್ತೆ ಒಂದು ಪವರ್‌ಬ್ಯಾಂಕ್. ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಪ್ಯಾಡ್ ಬಿಟ್ಟು ಎಲ್ಲವೂ ಕೈಗೆ ಬರುತ್ತದೆ. ಸ್ಟೇಷನರಿ ಅಂಗಡಿಯಲ್ಲಿ 5 ಮಿ.ಮೀ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ), ಕಪ್ಪು ಚಾರ್ಟ್ ಪೇಪರ್, ನಾಲ್ಕಾರು ಬಟರ್ ಪೇಪರ್. ಮನೆಯಲ್ಲಿ ಹಳೆಯ ಯೋಗ ಮ್ಯಾಟ್ ಇದ್ದರೆ ಒಳ್ಳೆಯದು, ಅದಕ್ಕೆ ಒಂದು ಕೆಲಸವಿದೆ.

ಮಾಸ್‌ಫೆಟ್ ಕೊಳ್ಳುವಾಗ ಜಾಗ್ರತೆ. ಐಆರ್‌ಎಫ್520 ಇರುವ ರೆಡಿಮೇಡ್ ಮಾಡ್ಯೂಲ್ ಎಲ್ಲ ಕಡೆ ಮಾರುತ್ತಾರೆ. ಅದು ಪೂರ್ತಿ ತೆರೆಯಲು 10 ವೋಲ್ಟ್ ಬೇಕು. ಇಎಸ್‌ಪಿ32 ಕೊಡುವುದು 3.3 ವೋಲ್ಟ್ ಮಾತ್ರ. ಅರ್ಧಂಬರ್ಧ ತೆರೆದ ಮಾಸ್‌ಫೆಟ್ಟಿನಿಂದ ಬೆಳಕೂ ನೆಟ್ಟಗೆ ಬರುವುದಿಲ್ಲ. ಹೆಸರಿನ ನಡುವೆ 'ಎಲ್' ಇರುವ, ಅಂದರೆ ಕಡಿಮೆ ವೋಲ್ಟಿಗೇ ತೆರೆಯುವ ಲಾಜಿಕ್ ಲೆವೆಲ್ ಮಾಸ್‌ಫೆಟ್ಟನ್ನೇ ಕೇಳಿ ತಗೊಳ್ಳಿ. ನಮ್ಮ ಕಾಲು ಆಂಪಿಯರಿಗೆ ಅದು ಧಾರಾಳ.

ಪ್ಯಾಡ್ ಬಿಚ್ಚುವುದು

ಬಿಚ್ಚುವ ಮೊದಲು ಪ್ಯಾಡನ್ನು ಯುಎಸ್‌ಬಿ ಮೀಟರ್ ಮೂಲಕ ಉರಿಸಿ, ಪೂರ್ತಿ ಬೆಳಕಿನಲ್ಲಿ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಮುಂದೆ ಈ ಸಂಖ್ಯೆ ಬೇಕು.

ಹಿಂಭಾಗದ ಹಾಳೆ ಸಾಮಾನ್ಯವಾಗಿ ಅಂಟಿನಿಂದ ಕೂತಿರುತ್ತದೆ. ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ಮಾಡಿ, ಹಳೆಯ ಎಟಿಎಂ ಕಾರ್ಡ್ ತೂರಿಸಿ ನಿಧಾನಕ್ಕೆ ಎಬ್ಬಿಸಿ. ಒಳಗೆ ಬಿಳಿ ಹಾಳೆ, ದಪ್ಪ ಪಾರದರ್ಶಕ ಹಾಳೆ, ಮೇಲೆ ಡಿಫ್ಯೂಸರ್ ಹಾಳೆ ಇರುತ್ತವೆ. ಇವುಗಳ ಕ್ರಮ ತಪ್ಪಿಸಬೇಡಿ, ನಡುವಿನ ಹಾಳೆಯನ್ನು ಕತ್ತರಿಸಲೂ ಬೇಡಿ. ಅದರ ಮೇಲಿನ ಸಣ್ಣ ಚುಕ್ಕಿಗಳ ಸಾಲು ಎಲ್‌ಇಡಿ ಇರುವ ಅಂಚಿನಿಂದ ಎಷ್ಟು ದೂರ ಅನ್ನುವುದನ್ನು ಲೆಕ್ಕ ಹಾಕಿ ಅಚ್ಚಾಗಿರುತ್ತದೆ. ಗುಂಡಗೆ ಕತ್ತರಿಸಿದರೆ ಚಂದ ಕಾಣಬಹುದು, ಬೆಳಕಿನ ಕಥೆ ಮುಗಿಯುತ್ತದೆ.

ಒಂದು ಮೂಲೆಯಲ್ಲಿ ಟಚ್ ಬಟನ್ ಇರುವ ಪುಟ್ಟ ಬೋರ್ಡ್ ಸಿಗುತ್ತದೆ. ನಮಗೆ ಬೇಡವಾದದ್ದು ಇದೇ. ಬೆಳಕು ತಗ್ಗಿಸಲು ಇದು ಎಲ್‌ಇಡಿಗಳನ್ನು ಬೇಗ ಬೇಗ ಆರಿಸಿ ಹೊತ್ತಿಸುತ್ತದೆ, ಅದೂ ಎಷ್ಟೋ ಪ್ಯಾಡುಗಳಲ್ಲಿ ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ. ಕಣ್ಣಿಗೆ ಅಷ್ಟು ಸಾಕು. ಆದರೆ ಈಗಿನ ಸಿಮಾಸ್ ಸೆನ್ಸರುಗಳು ಸಾಲು ಸಾಲಾಗಿ ಚಿತ್ರ ಓದುತ್ತವೆ. ಎಕ್ಸ್‌ಪೋಷರ್ ಸೆಕೆಂಡಿನ ನೂರನೇ ಒಂದು ಪಾಲು, ಬೆಳಕು ಸೆಕೆಂಡಿಗೆ 200 ಸಲ ಮಿನುಗುತ್ತಿದೆ ಅಂದುಕೊಳ್ಳಿ. ಒಂದು ಸಾಲಿಗೆ ಸಿಗುವುದು ಎರಡೇ ಮಿನುಗು. ಮಿನುಗಿನ ಲಯ ಒಂಚೂರು ಏರುಪೇರಾದರೂ ಸಾಲಿನಿಂದ ಸಾಲಿಗೆ ಬೆಳಕು ಬದಲಾಗುತ್ತದೆ. ಫ್ಲ್ಯಾಟಿನಲ್ಲಿ ಅಡ್ಡಪಟ್ಟಿ ಬರುವುದು ಹೀಗೆ. ಅನುಮಾನ ಇದ್ದರೆ ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಪ್ಯಾಡನ್ನು ನೋಡಿ.

ಬೋರ್ಡಿನಿಂದ ಎಲ್‌ಇಡಿ ಪಟ್ಟಿಗೆ ಹೋಗುವ ಎರಡು ವೈರ್ ಹುಡುಕಿ. ಪೂರ್ತಿ ಬೆಳಕಿನಲ್ಲಿ ಅವುಗಳ ನಡುವಿನ ವೋಲ್ಟೇಜ್ ಅಳೆಯಿರಿ. 3 ವೋಲ್ಟ್ ಆಸುಪಾಸು ಬಂದರೆ ಎಲ್‌ಇಡಿಗಳೆಲ್ಲ ಸಮಾಂತರವಾಗಿವೆ, ಮುಂದುವರಿಯಬಹುದು. 5 ವೋಲ್ಟಿಗಿಂತ ಜಾಸ್ತಿ ಬಂದರೆ ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇದೆ ಅಂತ ಅರ್ಥ. ಅಂಥ ಪ್ಯಾಡಿಗೆ ಈ ಕೆಳಗಿನ ಜೋಡಣೆ ಹೊಂದುವುದಿಲ್ಲ. ಬೇರೆ ಪ್ಯಾಡ್ ನೋಡಿ.

ಸರಿ ಬಂದಿದ್ದರೆ ಪ್ಲಗ್ ತೆಗೆದು, ಎರಡೂ ವೈರುಗಳನ್ನು ಬೋರ್ಡಿನಿಂದ ಬಿಡಿಸಿ. ಪ್ಲಸ್ ಯಾವುದು, ಮೈನಸ್ ಯಾವುದು ಅಂತ ಟೇಪ್ ಹಚ್ಚಿ ಗುರುತು ಮಾಡಿ.

ಜೋಡಣೆ

ಮಾಸ್‌ಫೆಟ್ಟಿನ ಅಕ್ಷರಗಳು ನಿಮ್ಮ ಕಡೆಗೆ, ಕಾಲುಗಳು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಗೇಟ್, ಡ್ರೈನ್, ಸೋರ್ಸ್.

ಪವರ್‌ಬ್ಯಾಂಕಿನ 5 ವೋಲ್ಟ್ ಪ್ಲಸ್ ಎರಡು ಕಡೆಗೆ ಹೋಗುತ್ತದೆ: ಇಎಸ್‌ಪಿ32 ಬೋರ್ಡಿನ 5 ವೋಲ್ಟ್ ಪಿನ್ನಿಗೆ ಒಂದು, 10 ಓಮ್ ರೆಸಿಸ್ಟರ್ ಮೂಲಕ ಎಲ್‌ಇಡಿ ಪ್ಲಸ್ಸಿಗೆ ಇನ್ನೊಂದು. ಎಲ್‌ಇಡಿ ಮೈನಸ್ ಡ್ರೈನಿಗೆ. ಸೋರ್ಸ್, ಇಎಸ್‌ಪಿ32 ಗ್ರೌಂಡ್, ಪವರ್‌ಬ್ಯಾಂಕ್ ಮೈನಸ್ ಮೂರೂ ಒಟ್ಟಿಗೆ. ಇಎಸ್‌ಪಿ32ರ 25ನೇ ಪಿನ್ನಿನಿಂದ 100 ಓಮ್ ಮೂಲಕ ಗೇಟಿಗೆ. ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್.

ಆ 10 ಕಿಲೋಓಮ್ ಚಿಕ್ಕದು ಅಂತ ಬಿಟ್ಟುಬಿಡಬೇಡಿ. ಬೋರ್ಡ್ ಆನ್ ಆಗುವ ಹೊತ್ತಿನಲ್ಲಿ ಪಿನ್ನುಗಳು ಎತ್ತಲೋ ತೇಲುತ್ತಿರುತ್ತವೆ. ಗೇಟನ್ನು ನೆಲಕ್ಕೆ ಎಳೆದಿಡುವವರು ಯಾರೂ ಇಲ್ಲದಿದ್ದರೆ ಪ್ಯಾನೆಲ್ ಇದ್ದಕ್ಕಿದ್ದಂತೆ ಬೆಳಗುತ್ತದೆ. 25ನೇ ಪಿನ್ ಆರಿಸಿಕೊಂಡದ್ದಕ್ಕೂ ಇದೇ ಕಾರಣ. 5, 14, 15ನೇ ಪಿನ್ನುಗಳು ಬೂಟ್ ಆಗುವಾಗ ತಾವಾಗೇ ಸಿಗ್ನಲ್ ಕೊಡುತ್ತವೆ. 34ರಿಂದ 39ರವರೆಗಿನವು ಒಳಬರುವ ಸಿಗ್ನಲ್ಲಿಗೆ ಮಾತ್ರ, ಅವುಗಳಿಂದ ಏನೂ ಹೊರಬರುವುದಿಲ್ಲ.

10 ಓಮ್ ರೆಸಿಸ್ಟರಿನ ಲೆಕ್ಕ: 5 ವೋಲ್ಟಿನಲ್ಲಿ ಎಲ್‌ಇಡಿಗೆ 3.1 ಹೋದರೆ ಉಳಿದ 1.9 ವೋಲ್ಟ್ ರೆಸಿಸ್ಟರಿನ ಮೇಲೆ. ಕರೆಂಟ್ 190 ಮಿಲಿಆಂಪಿಯರ್, ಬಿಸಿಯಾಗುವುದು ಅರ್ಧ ವ್ಯಾಟಿಗೂ ಕಡಿಮೆ. ನೀವು ಮೊದಲು ಬರೆದಿಟ್ಟ ಸಂಖ್ಯೆಗಿಂತ ಇದು ಕಡಿಮೆ ಇರಬೇಕು. ಇದ್ದರೆ ಹಾಗೇ ಬಿಡಿ. ಫ್ಲ್ಯಾಟ್ ಪ್ಯಾನೆಲ್ ಮಾಡಿದವರಿಗೆ ಬೆಳಕು ಸಾಲದು ಅನ್ನುವ ತೊಂದರೆ ಬರುವುದು ಕಡಿಮೆ. ಜಾಸ್ತಿಯಾಯಿತು ಅನ್ನುವವರೇ ಎಲ್ಲರೂ.

ಒಂದು ಎಚ್ಚರಿಕೆ: ಪ್ರೋಗ್ರಾಂ ಹಾಕಲು ಕಂಪ್ಯೂಟರಿನ ಯುಎಸ್‌ಬಿ ಚುಚ್ಚುವಾಗ ಪವರ್‌ಬ್ಯಾಂಕ್ ತೆಗೆದುಬಿಡಿ. ಎರಡೂ 5 ವೋಲ್ಟ್ ಒಂದರ ಮೇಲೊಂದು ಬೀಳುವುದು ಬೇಡ.

ಪವರ್‌ಬ್ಯಾಂಕ್ ತಾನಾಗೇ ಆರುವ ತೊಂದರೆ

ಎಳೆತ ತೀರಾ ಕಡಿಮೆಯಾದರೆ ಫೋನ್ ಚಾರ್ಜ್ ಆಗಿ ಮುಗಿಯಿತು ಅಂತ ತಿಳಿದು ಪವರ್‌ಬ್ಯಾಂಕ್ ಬಂದ್ ಆಗುತ್ತದೆ. ಎಲ್‌ಇಡಿ ಆರಿರುವಾಗ ಇಎಸ್‌ಪಿ32 ಒಂದೇ ಎಳೆಯುವ ಕರೆಂಟ್ ಅದಕ್ಕೆ ಕಾಣುವುದೇ ಇಲ್ಲ. ಪ್ರೋಗ್ರಾಮಿನಲ್ಲಿ ವೈಫೈ ಸ್ಲೀಪ್ ಆಫ್ ಮಾಡಿ. ಇದರಿಂದ ಎಳೆತ ಹೆಚ್ಚುತ್ತದೆ, ಪ್ಯಾನೆಲ್ಲೂ ಆಜ್ಞೆಗೆ ಬೇಗ ಓಗೊಡುತ್ತದೆ. ಆದರೂ ಆರಿದರೆ ಪವರ್‌ಬ್ಯಾಂಕಿನಲ್ಲಿ ಸಣ್ಣ ಕರೆಂಟಿನ ಮೋಡ್ ಇದೆಯಾ ನೋಡಿ. ಸ್ಮಾರ್ಟ್‌ವಾಚ್, ಇಯರ್‌ಬಡ್‌ಗಳಿಗಾಗಿ ಕೆಲವದರಲ್ಲಿ ಕೊಟ್ಟಿರುತ್ತಾರೆ.

ಪವರ್‌ಬ್ಯಾಂಕಿನ ತೂಕ ಬೇಡ ಅನ್ನುವವರು ಒಂದು 18650 ಲಿಥಿಯಂ ಸೆಲ್, ರಕ್ಷಣೆ ಇರುವ ಟಿಪಿ4056 ಚಾರ್ಜಿಂಗ್ ಮಾಡ್ಯೂಲ್, 5 ವೋಲ್ಟಿಗೆ ಏರಿಸುವ ಬೂಸ್ಟ್ ಮಾಡ್ಯೂಲ್ ಹಾಕಿಕೊಳ್ಳಬಹುದು. 2,600 ಮಿಲಿಆಂಪಿಯರ್-ಅವರಿನ ಸೆಲ್ಲಿನಲ್ಲಿ ಸುಮಾರು 9.6 ವ್ಯಾಟ್-ಅವರ್ ಇರುತ್ತದೆ. ನಮ್ಮ ಖರ್ಚು ಒಂದೂವರೆ ವ್ಯಾಟ್. ನಷ್ಟ ಕಳೆದರೂ ನಾಲ್ಕೈದು ಗಂಟೆ. ಫ್ಲ್ಯಾಟಿಗೆ ಬೇಕಾಗುವುದು ಅರ್ಧ, ಮುಕ್ಕಾಲು ಗಂಟೆ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬೇಡಿ, ಹೋಲ್ಡರ್ ಬಳಸಿ.

ಪ್ರೋಗ್ರಾಂ

ಬೋರ್ಡಿಗೆ ಪ್ರೋಗ್ರಾಂ ಬರೆದು ಹಾಕುವ ಆರ್ಡುಯಿನೊ ಐಡಿಇ ಸಾಫ್ಟ್‌ವೇರಿನಲ್ಲಿ, ಚಿಪ್ ತಯಾರಕರಾದ ಎಸ್‌ಪ್ರೆಸಿಫ್ ಕೊಡುವ ಇಎಸ್‌ಪಿ32 ಪ್ಯಾಕೇಜ್ ಸೇರಿಸಿಕೊಳ್ಳಿ. ಹಳೆಯ ಉದಾಹರಣೆಗಳನ್ನು ನಕಲು ಮಾಡುವವರು ಗಮನಿಸಿ. 3ನೇ ಆವೃತ್ತಿಯಿಂದ ಪಿಡಬ್ಲ್ಯೂಎಂ (ಬೇಗ ಬೇಗ ಆರಿಸಿ ಹೊತ್ತಿಸಿ ಬೆಳಕು ತಗ್ಗಿಸುವ ವಿಧಾನ) ಆಜ್ಞೆಗಳು ಬದಲಾಗಿವೆ. ಮೊದಲು ಚಾನೆಲ್ ಸಿದ್ಧ ಮಾಡಿ ಆಮೇಲೆ ಪಿನ್ನಿಗೆ ಸೇರಿಸಬೇಕಿತ್ತು, ಈಗ ಒಂದೇ ಆಜ್ಞೆಯಲ್ಲಿ ಎರಡೂ ಆಗುತ್ತದೆ. ಹಳೆಯ ಸಾಲುಗಳು ಕಂಪೈಲ್ ಆಗುವುದಿಲ್ಲ.

ಪಿಡಬ್ಲ್ಯೂಎಂ ವೇಗ 5 ಕಿಲೋಹರ್ಟ್ಜ್, 12 ಬಿಟ್ ಇಡಿ. 12 ಬಿಟ್ ಅಂದರೆ 0ರಿಂದ 4095ರವರೆಗೆ ಮೆಟ್ಟಿಲುಗಳು. ಅರ್ಧ ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ 2,500 ಮಿನುಗು ಬರುತ್ತದೆ. ಒಂದು ಮಿನುಗು ಆಚೀಚೆ ಆದರೂ ವ್ಯತ್ಯಾಸ ಶೇ 0.04. ಅಡ್ಡಪಟ್ಟಿ ಬರುವ ಮಾತೇ ಇಲ್ಲ.

ಹಾಗಾದರೆ ಇನ್ನೂ ವೇಗ ಹೆಚ್ಚಿಸಿದರೆ? ಇಎಸ್‌ಪಿ32 12 ಬಿಟ್ಟಿನಲ್ಲಿ 19.5 ಕಿಲೋಹರ್ಟ್ಜ್‌ವರೆಗೂ ಓಡುತ್ತದೆ. ಆದರೆ ಮಾಸ್‌ಫೆಟ್ ಓಡಬೇಕಲ್ಲ. 5 ಕಿಲೋಹರ್ಟ್ಜಿನಲ್ಲಿ ಒಂದು ಮೆಟ್ಟಿಲು ಅಂದರೆ ಸುಮಾರು 49 ನ್ಯಾನೋಸೆಕೆಂಡ್. ನಾವು ಹಾಕಿದ ದಪ್ಪ ಮಾಸ್‌ಫೆಟ್ ತೆರೆಯಲು, ಮುಚ್ಚಲು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಹೊತ್ತು ತಗೊಳ್ಳುತ್ತದೆ. ಅಂದರೆ ಕೆಳಗಿನ ಕೆಲವು ಹತ್ತು ಮೆಟ್ಟಿಲುಗಳು ಹೆಸರಿಗೆ ಮಾತ್ರ. ವೇಗ ಹೆಚ್ಚಿಸಿದಷ್ಟೂ ಈ ಸತ್ತ ಮೆಟ್ಟಿಲುಗಳು ಜಾಸ್ತಿಯಾಗುತ್ತವೆ. ಆದ್ದರಿಂದ ಪ್ಯಾನೆಲ್ಲನ್ನು 20, 30 ಅಂತ ತಳದಲ್ಲಿ ನಡೆಸಬೇಡಿ. ಬೆಳಕು ಜಾಸ್ತಿ ಇದ್ದರೆ ಮುಂದೆ ಬಟರ್ ಪೇಪರ್ ಪದರ ಸೇರಿಸಿ, 400ರಿಂದ 3,500ರ ನಡುವೆ ಕೆಲಸ ಮಾಡುವಂತೆ ನೋಡಿಕೊಳ್ಳಿ.

ವೈಫೈಗೆ ಎರಡು ದಾರಿ. ಮನೆಯ ತಾರಸಿಯಾದರೆ ಪ್ಯಾನೆಲ್ ಮನೆಯ ರೌಟರಿಗೇ ಸೇರಲಿ. ಇಎಸ್‌ಪಿ32ಗೆ ಗೊತ್ತಿರುವುದು 2.4 ಗಿಗಾಹರ್ಟ್ಜ್ ಮಾತ್ರ, 5 ಗಿಗಾಹರ್ಟ್ಜ್ ಹೆಸರಿಗೆ ಸೇರಿಸಲು ಹೋಗಿ ಬೆವರಬೇಡಿ. ಊರಾಚೆ ಕತ್ತಲ ಜಾಗಕ್ಕೆ ಹೋದಾಗ ರೌಟರ್ ಇರುವುದಿಲ್ಲ. ಆಗ ಪ್ಯಾನೆಲ್ ತಾನೇ ಹಾಟ್‌ಸ್ಪಾಟ್ ಆಗಲಿ. ಫೋನಿನಿಂದ ಅದಕ್ಕೆ ಸೇರಿ, ಬ್ರೌಸರಿನಲ್ಲಿ 192.168.4.1 ತೆರೆದರೆ ಒಂದು ಸ್ಲೈಡರ್ ಇರುವ ಪುಟ ಬರುವಂತೆ ಮಾಡಿ. ಪ್ರೋಗ್ರಾಂ ಮೊದಲು ಮನೆಯ ವೈಫೈ ಹುಡುಕಿ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಸಿಗದಿದ್ದರೆ ಹಾಟ್‌ಸ್ಪಾಟ್ ಆಗುವಂತೆ ಬರೆದರೆ ಎರಡೂ ಕಡೆ ನಡೆಯುತ್ತದೆ. ನಡುವೆ ಸಂಪರ್ಕ ಕಡಿದರೆ ಬೆಳಕು ಇದ್ದ ಹಾಗೇ ಇರಬೇಕು. ಆರಿಹೋದರೆ ಅರ್ಧ ಫ್ಲ್ಯಾಟುಗಳು ಕಪ್ಪು.

ಸ್ಲೈಡರ್ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಟೆಲಿಸ್ಕೋಪು, ಕ್ಯಾಮೆರಾ ನಡೆಸುವ ನೀನಾ (N.I.N.A.) ಸಾಫ್ಟ್‌ವೇರ್ ಬಳಸುವವರಾದರೆ ಇನ್ನೊಂದು ಹೆಜ್ಜೆ ಹಾಕಿ. ಖಗೋಳ ಸಾಧನಗಳೂ ಸಾಫ್ಟ್‌ವೇರೂ ಮಾತಾಡಿಕೊಳ್ಳುವ ನಿಯಮ ರೂಪಿಸುವ ಆಸ್ಕಾಮ್‌ನವರ ಆಲ್ಪಾಕಾ ಅನ್ನುವ ಪ್ರೋಟೋಕಾಲ್ ಇಂಥ ಸಾಧನಗಳಿಗೆಂದೇ ಇದೆ. ಸಾಧನ ಒಂದು ಸಣ್ಣ ವೆಬ್ ಸರ್ವರ್ ಆಗಿರುತ್ತದೆ, ಸಾಫ್ಟ್‌ವೇರ್ ಅದಕ್ಕೆ ಎಚ್‌ಟಿಟಿಪಿ ಕೋರಿಕೆ ಕಳಿಸುತ್ತದೆ, ಉತ್ತರ ಜೇಸನ್ ರೂಪದಲ್ಲಿ. ವಿಂಡೋಸಿಗೆ ಬೇರೆ ಡ್ರೈವರ್ ಬರೆಯಬೇಕಾಗಿಲ್ಲ. ನಮ್ಮ ಪ್ಯಾನೆಲ್ ತನ್ನನ್ನು ಕವರ್-ಕ್ಯಾಲಿಬ್ರೇಟರ್ ಅಂತ ಹೇಳಿಕೊಳ್ಳಬೇಕು. ಮುಚ್ಚಳ ಇಲ್ಲ ಅನ್ನಲು ಕವರ್ ಸ್ಥಿತಿ 0. ದೀಪ ಆರಿದ್ದರೆ ಕ್ಯಾಲಿಬ್ರೇಟರ್ ಸ್ಥಿತಿ 1, ಬೆಳಗಿ ಸಿದ್ಧವಾಗಿದ್ದರೆ 3. ಗರಿಷ್ಠ ಬೆಳಕು ಕೇಳಿದಾಗ 4095. ಇಷ್ಟರ ಜೊತೆಗೆ ಯುಡಿಪಿ 32227ನೇ ಪೋರ್ಟಿನಲ್ಲಿ ಬರುವ ಹುಡುಕಾಟದ ಕೂಗಿಗೆ ತನ್ನ ಪೋರ್ಟ್ ಸಂಖ್ಯೆ ಹೇಳಿದರೆ, ನೀನಾ ಅದನ್ನು ತಾನೇ ಪತ್ತೆಹಚ್ಚುತ್ತದೆ. ಇಎಸ್‌ಪಿ32ಗೆ ಸಿದ್ಧ ಆಲ್ಪಾಕಾ ಲೈಬ್ರರಿಗಳು ಇವೆ, ಎಲ್ಲವನ್ನೂ ಮೊದಲಿನಿಂದ ಬರೆಯುವ ಹಟ ಬೇಡ.

ಇದರ ಲಾಭ ನೀನಾದ ಫ್ಲ್ಯಾಟ್ ವಿಝಾರ್ಡಿನಲ್ಲಿ ಕಾಣುತ್ತದೆ. ಎಕ್ಸ್‌ಪೋಷರ್ ಇಷ್ಟೇ ಇರಲಿ, ಬೆಳಕನ್ನು ನೀನೇ ಹೊಂದಿಸಿಕೋ ಅಂದರೆ ಅದು ಪ್ಯಾನೆಲ್ಲನ್ನು ಏರಿಸಿ ಇಳಿಸಿ ಸರಿಯಾದ ಮಟ್ಟ ಹುಡುಕುತ್ತದೆ. ನೀವು ಹೋಗಿ ಕಾಫಿ ಮಾಡಿಕೊಳ್ಳಬಹುದು.

ಪೆಟ್ಟಿಗೆ, ಕಪ್ಪು ಕಿಂಡಿ, ಕೊರಳಪಟ್ಟಿ

ಪ್ಯಾಡಿನ ಹಿಂದೆ ಅದೇ ಅಳತೆಯ ಸನ್‌ಬೋರ್ಡ್ ಅಂಟಿಸಿ, ಅದರ ಮೇಲೆ ಇಎಸ್‌ಪಿ32, ಪವರ್‌ಬ್ಯಾಂಕ್ ಕೂರಿಸಿ. ಪವರ್‌ಬ್ಯಾಂಕನ್ನು ನಟ್ಟನಡುವೆ ಇಡಿ. ಒಂದು ಪಕ್ಕಕ್ಕೆ ಇಟ್ಟರೆ ವಾಲುತ್ತದೆ. ಇಎಸ್‌ಪಿ32ರ ಆಂಟೆನಾ ಇರುವ ತುದಿ ಅಂಚಿನ ಕಡೆಗಿರಲಿ, ಅದರ ಹತ್ತಿರ ಫಾಯಿಲ್, ಲೋಹದ ತಗಡು, ಪವರ್‌ಬ್ಯಾಂಕ್ ಯಾವುದೂ ಬೇಡ. ಬೋರ್ಡಿನ ಮೇಲಿನ ಕೆಂಪು ದೀಪಕ್ಕೆ ಕಪ್ಪು ಟೇಪ್.

ಮುಂಭಾಗಕ್ಕೆ ಕಪ್ಪು ಚಾರ್ಟಿನ ಮುಖವಾಡ, ನಡುವೆ ಗುಂಡನೆಯ ಕಿಂಡಿ. ಇದನ್ನು ಬಹಳ ಜನ ಮಾಡುವುದಿಲ್ಲ, ಮಾಡಲೇಬೇಕಾದದ್ದು ಇದು. ಪ್ಯಾನೆಲ್ ಪೂರ್ತಿ ಬೆಳಗುತ್ತಿದ್ದರೆ ಡ್ಯೂ ಶೀಲ್ಡಿನ ಒಳಗೋಡೆಗೆ ಓರೆಯಾಗಿ ಬಡಿದ ಬೆಳಕು ಒಳಗೆ ಚೆಲ್ಲಾಡುತ್ತದೆ. ರಾತ್ರಿಯ ಆಕಾಶದಲ್ಲಿ ಅಷ್ಟು ಓರೆ ಬೆಳಕು ಇರುವುದಿಲ್ಲ. ಹಾಗಾಗಿ ಫ್ಲ್ಯಾಟು ಚಿತ್ರದ ಜೊತೆ ತಾಳೆಯಾಗುವುದಿಲ್ಲ. ಕಿಂಡಿ ತೀರಾ ಚಿಕ್ಕದಾದರೂ ತಪ್ಪು, ಮೂಲೆಗೆ ಬೇಕಾದ ಬೆಳಕೇ ಕತ್ತರಿಸಿಹೋಗುತ್ತದೆ. ಮೇಲಿನ 80 ಮಿ.ಮೀ. ಉದಾಹರಣೆಯಲ್ಲಿ ಎರಡೂ ಬದಿಗೆ 4.4 ಸೇರಿಸಿದರೆ 89 ಮಿ.ಮೀ. ಆಗುತ್ತದೆ. 95 ಮಿ.ಮೀ. ಕತ್ತರಿಸಿದರೆ ಕ್ಷೇಮ.

ಮುಖವಾಡದ ಹಿಂದೆ ಒಂದೋ ಎರಡೋ ಬಟರ್ ಪೇಪರ್ ಕಾಯಂ ಇರಲಿ. ಇನ್ನೆರಡನ್ನು ಲ್ಯೂಮಿನೆನ್ಸಿಗೆ ಮಾತ್ರ ಜಾರಿಸಿ ಸೇರಿಸುವಂತೆ, ಹೈಡ್ರೋಜನ್-ಆಲ್ಫಾಗೆ ತೆಗೆಯುವಂತೆ ಮಾಡಿ. ಸುಕ್ಕು ಬಿದ್ದ ಹಾಳೆ ಬೇಡ.

ಯೋಗ ಮ್ಯಾಟಿನಿಂದ ಎರಡಿಂಚು ಅಗಲದ ಪಟ್ಟಿ ಕತ್ತರಿಸಿ, ಡ್ಯೂ ಶೀಲ್ಡಿನ ಸುತ್ತ ಕೂರುವಷ್ಟು ಉಂಗುರ ಮಾಡಿ ಮುಖವಾಡಕ್ಕೆ ಅಂಟಿಸಿ. ಟೆಲಿಸ್ಕೋಪಿಗೆ ಗೀರು ಬೀಳುವುದಿಲ್ಲ, ಹೊರಬೆಳಕು ನುಸುಳುವುದಿಲ್ಲ, ಪ್ಯಾನೆಲ್ ಪ್ರತಿ ಸಲ ಅದೇ ಜಾಗಕ್ಕೆ ಬರುತ್ತದೆ.

ಟೆಲಿಸ್ಕೋಪಿಗೆ ಹಾಕುವ ಮೊದಲಿನ ಪರೀಕ್ಷೆ

ಬೆಳಕು ಹೊತ್ತಿಸಿ ಐದು ನಿಮಿಷ ಬಿಡಿ. ಎಲ್‌ಇಡಿ ಬಿಸಿಯಾಗುತ್ತಿದ್ದಂತೆ ಬೆಳಕು ಸ್ವಲ್ಪ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ನಂತರ ಅದೇ ಎಕ್ಸ್‌ಪೋಷರಿನಲ್ಲಿ 500, 1000, 2000, 4000 ಮಟ್ಟಗಳಲ್ಲಿ ಒಂದೊಂದು ಫ್ರೇಮ್ ತೆಗೆಯಿರಿ. ಬಯಾಸ್ (ಬೆಳಕೇ ಇಲ್ಲದಾಗಲೂ ಕ್ಯಾಮೆರಾ ಕೊಡುವ ಮೂಲ ಸಂಖ್ಯೆ) ಕಳೆದ ಮೇಲೆ ಸರಾಸರಿ ಪ್ರತಿ ಸಲ ಹೆಚ್ಚುಕಮ್ಮಿ ಎರಡು ಪಟ್ಟಾಗಬೇಕು. ಆಗದಿದ್ದರೆ ಮಾಸ್‌ಫೆಟ್ ಅಥವಾ ಬೆಸುಗೆ ನೋಡಿ.

ಮುಖ್ಯ ಪರೀಕ್ಷೆ ತಿರುಗಿಸುವುದು. ಇಪ್ಪತ್ತು ಫ್ಲ್ಯಾಟ್ ತೆಗೆದು, ಪ್ಯಾನೆಲ್ಲನ್ನು ಮಾತ್ರ 180 ಡಿಗ್ರಿ ತಿರುಗಿಸಿ, ಮತ್ತೆ ಇಪ್ಪತ್ತು ತೆಗೆಯಿರಿ. ಒಂದು ಗುಂಪಿನ ಮಾಸ್ಟರನ್ನು (ಇಪ್ಪತ್ತರ ಸರಾಸರಿ ಚಿತ್ರವನ್ನು) ಇನ್ನೊಂದರದರಿಂದ ಭಾಗಿಸಿ. ಬಂದ ಚಿತ್ರ ಬರೀ ಬೂದು ಆಗಿದ್ದರೆ ಪ್ಯಾನೆಲ್ ಪಾಸ್. ಒಂದು ಬದಿಯಿಂದ ಇನ್ನೊಂದಕ್ಕೆ ಇಳಿಜಾರು ಕಂಡರೆ, ಅರ್ಧ ಫ್ಲ್ಯಾಟುಗಳನ್ನು ಹೀಗೆ, ಅರ್ಧ ಹಾಗೆ ತಿರುಗಿಸಿ ತೆಗೆದು ಒಟ್ಟಿಗೆ ಸರಾಸರಿ ಮಾಡಿ. ಇಳಿಜಾರು ಒಂದಕ್ಕೊಂದು ಹೊಡೆದುಹೋಗುತ್ತದೆ.

ಬಳಕೆ

ಫೋಕಸ್ ಮುಟ್ಟಬೇಡಿ, ಕ್ಯಾಮೆರಾ ತಿರುಗಿಸಬೇಡಿ, ಗೇನ್ (ಕ್ಯಾಮೆರಾ ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಬದಲಿಸಬೇಡಿ. ರಾತ್ರಿಯ ಕೆಲಸ ಮುಗಿದ ಕೂಡಲೇ ಟೆಲಿಸ್ಕೋಪನ್ನು ನೆತ್ತಿಯ ಕಡೆಗೆ ತಿರುಗಿಸಿ ಪ್ಯಾನೆಲ್ ಕೂರಿಸಿ. ಜೊತೆಗಾರರಿದ್ದರೆ, ಎಲ್ಲರದೂ ಮುಗಿದಿದೆಯಾ ಅಂತ ಕೇಳಿ ಹೊತ್ತಿಸಿ. ಇಬ್ಬನಿ ಇದ್ದರೆ ಮೊದಲು ಲೆನ್ಸ್ ನೋಡಿ. ಮಂಜು ಕವಿದ ಲೆನ್ಸಿನಲ್ಲಿ ತೆಗೆದ ಫ್ಲ್ಯಾಟು ಕೆಲಸಕ್ಕೆ ಬಾರದು.

ಎಕ್ಸ್‌ಪೋಷರ್ ಒಂದರಿಂದ ಮೂರು ಸೆಕೆಂಡ್ ಇಟ್ಟುಕೊಳ್ಳುವುದು ನನಗೆ ಇಷ್ಟ. ಹೈಡ್ರೋಜನ್-ಆಲ್ಫಾದಂಥ ನ್ಯಾರೋಬ್ಯಾಂಡ್ ಫಿಲ್ಟರಿಗೆ ಐದೋ ಹತ್ತೋ ಆಗಲಿ, ಪರವಾಗಿಲ್ಲ. ಎಎಸ್‌ಐ294 ಥರದ ಕ್ಯಾಮೆರಾಗಳು ತೀರಾ ಚಿಕ್ಕ ಎಕ್ಸ್‌ಪೋಷರಿನ ಫ್ಲ್ಯಾಟುಗಳಲ್ಲಿ ತಕರಾರು ಮಾಡುವುದಕ್ಕೆ ಹೆಸರುವಾಸಿ. 16 ಬಿಟ್ ಲೆಕ್ಕದಲ್ಲಿ ಸರಾಸರಿ 20,000ದಿಂದ 30,000ದ ನಡುವೆ ಬರಲಿ. ಡಿಎಸ್‌ಎಲ್‌ಆರ್ ಆದರೆ ಹಿಸ್ಟೋಗ್ರಾಮಿನ ಗುಡ್ಡ ನಡುವಿಗಿಂತ ಒಂಚೂರು ಎಡಕ್ಕೆ. ಫಿಲ್ಟರಿಗೆ 25 ಫ್ರೇಮ್ ಸಾಕು. ಒಂದು ಪಿಕ್ಸೆಲ್ಲಿನಲ್ಲಿ 25,000 ಎಲೆಕ್ಟ್ರಾನ್ ತುಂಬಿದರೆ ಒಂದು ಫ್ರೇಮಿನ ನಾಯ್ಸ್ ಸುಮಾರು ಶೇ 0.63. ಇಪ್ಪತ್ತೈದರ ಸರಾಸರಿಯಲ್ಲಿ ಅದು ಶೇ 0.13ಕ್ಕೆ ಇಳಿಯುತ್ತದೆ.

ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಕಡುಗೆಂಪು ಕಡಿಮೆ. 656 ನ್ಯಾನೋಮೀಟರಿನ ಹೈಡ್ರೋಜನ್-ಆಲ್ಫಾ ಹೇಗೋ ಆಗುತ್ತದೆ. 672ರ ಸಲ್ಫರ್ ಫಿಲ್ಟರಿಗೆ ಪ್ಯಾನೆಲ್ ಪೂರ್ತಿ ಏರಿಸಿ, ಬಟರ್ ಪೇಪರ್ ತೆಗೆದು, ಎಕ್ಸ್‌ಪೋಷರ್ ಹೆಚ್ಚಿಸಬೇಕಾದೀತು.

ಕೊನೆಗೆ ಅದೇ ಎಕ್ಸ್‌ಪೋಷರ್, ಅದೇ ಗೇನಿನಲ್ಲಿ ಬಾಯಿ ಮುಚ್ಚಿ 25 ಡಾರ್ಕ್ ಫ್ಲ್ಯಾಟ್ ತೆಗೆಯಿರಿ. ಪ್ಯಾನೆಲ್ ಆರಿಸಿದರೆ ಸಾಲದು, ಮುಚ್ಚಳ ಹಾಕಿ. ಬೆಳಕು ಹರಿಯುತ್ತಿರುತ್ತದೆ, ಫೋಕಸರ್ ಸಂದಿಯಿಂದ ನುಸುಳುತ್ತದೆ. ನ್ಯೂಟೋನಿಯನ್ ಇದ್ದವರು ಹಿಂಭಾಗಕ್ಕೂ ಕಪ್ಪು ಬಟ್ಟೆ ಸುತ್ತಿ.

ಚಿತ್ರ ಸರಿಬರದಿದ್ದರೆ

ಕ್ಯಾಲಿಬ್ರೇಟ್ ಮಾಡಿದ ಮೇಲೆ ಮೂಲೆಗಳು ನಡುವಿಗಿಂತ ಬೆಳ್ಳಗಾದರೆ ಫ್ಲ್ಯಾಟು ಅತಿಯಾಗಿ ತಿದ್ದಿದೆ. ಮೊದಲು ಚಿತ್ರದ ಫ್ರೇಮುಗಳಿಂದ ಡಾರ್ಕ್ (ಬಾಯಿ ಮುಚ್ಚಿ ತೆಗೆದ ಫ್ರೇಮ್) ಅಥವಾ ಬಯಾಸ್ ಕಳೆದಿದ್ದೀರಾ ನೋಡಿ. ಕಳೆಯದೆ ಭಾಗಿಸಿದರೆ ಹೀಗೇ ಆಗುತ್ತದೆ. ಮೂಲೆಗಳು ಇನ್ನೂ ಕಪ್ಪಾಗೇ ಉಳಿದರೆ ಫ್ಲ್ಯಾಟುಗಳಿಂದ ಡಾರ್ಕ್ ಫ್ಲ್ಯಾಟ್ ಕಳೆದಿಲ್ಲ, ಅಥವಾ ಹೊರಬೆಳಕು ಒಳಗೆ ಬಂದಿದೆ. ಮುಖವಾಡದ ಕಿಂಡಿ, ಕೊರಳಪಟ್ಟಿ ಎರಡನ್ನೂ ನೋಡಿ.

ಧೂಳಿನ ಉಂಗುರ ಹೋಗದೆ ಪಕ್ಕದಲ್ಲೇ ಒಂದು ಬೆಳ್ಳನೆಯ ಜೋಡಿ ಬಂದಿದ್ದರೆ ಪ್ಯಾನೆಲ್ಲಿನ ತಪ್ಪಲ್ಲ. ರಾತ್ರಿಯ ನಡುವೆ ಧೂಳು ಸರಿದಿದೆ, ಅಥವಾ ಫಿಲ್ಟರ್ ಚಕ್ರ ಅದೇ ಜಾಗಕ್ಕೆ ಮರಳಿ ನಿಂತಿಲ್ಲ. ಧೂಳು ಎಲ್ಲಿದೆ ಅಂತ ಲೆಕ್ಕ ಹಾಕಬಹುದು. ಉಂಗುರದ ಅಗಲವನ್ನು ಮಿ.ಮೀ.ನಲ್ಲಿ ಅಳೆದು ಎಫ್ ಸಂಖ್ಯೆಯಿಂದ (ಫೋಕಲ್ ಲೆಂತನ್ನು ಬಾಯಿಯ ಅಗಲದಿಂದ ಭಾಗಿಸಿದ್ದು) ಗುಣಿಸಿದರೆ ಸೆನ್ಸರಿನಿಂದ ಧೂಳಿಗಿರುವ ದೂರ. 3.76 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾದಲ್ಲಿ 100 ಪಿಕ್ಸೆಲ್ ಅಗಲದ ಉಂಗುರ ಅಂದರೆ 0.376 ಮಿ.ಮೀ. ಎಫ್/6 ಟೆಲಿಸ್ಕೋಪಿನಲ್ಲಿ ಅದು ಸೆನ್ಸರಿನಿಂದ ಎರಡೂಕಾಲು ಮಿ.ಮೀ. ದೂರ, ಅಂದರೆ ಸೆನ್ಸರಿನ ಹತ್ತಿರದ ಗಾಜಿನ ಮೇಲೆ. 1,000 ಪಿಕ್ಸೆಲ್ ಅಗಲ ಇದ್ದರೆ ಸುಮಾರು 22.5 ಮಿ.ಮೀ. ಆಚೆ, ಬಹುಶಃ ಫಿಲ್ಟರಿನ ಮೇಲೆ. ಯಾವುದನ್ನು ಬಿಚ್ಚಿ ಬ್ಲೋಯರಿನಿಂದ ಊದಬೇಕು ಅಂತ ಅಷ್ಟರಿಂದಲೇ ಗೊತ್ತಾಗುತ್ತದೆ. ಊದಿದ ಮೇಲೆ ಹಳೆಯ ಫ್ಲ್ಯಾಟುಗಳನ್ನು ಬಳಸಬೇಡಿ, ಹೊಸದಾಗಿ ತೆಗೆಯಿರಿ.